ತಿರ್ಸಾಳ ಪಾಲು

ಆ ಶನಿವಾರ, ಸಬ್ಬತ್ತಿನ ಸಂಜೆ, ತಿರ್ಸಾ ಪ್ರಾರ್ಥನಾಮಂದಿರದ ಮೆಟ್ಟಿಲಿಗೆ ಅಡ್ಡ ನಿಂತಾಗ, ಅವಳ ಕಣ್ಣಿನ ಕೆಂಡಕ್ಕೆ ಹೆದರಿ ಯೆರೂಸಲೇಮಿನ ಅರ್ಧ ಬೆಕ್ಕುಗಳು ಊರು ಬಿಟ್ಟವು. ಉಳಿದರ್ಧ ನಮ್ಮ ಓಣಿಯವು. ಅವು ಯಾರಿಗೂ ಹೆದರುವುದಿಲ್ಲ.

"ಕಳ್ಳ," ಅಂದಳು.

ಹೊರಗೆ ಬರುತ್ತಿದ್ದ ಎಲ್ಕಾನಾ ತಬ್ಬಿಬ್ಬಾದ. ಈಗಷ್ಟೇ ಒಳಗೆ ಮುದುಕರೆಲ್ಲ ಅವನ ಹಣೆಗೆ ಮುತ್ತಿಟ್ಟು, ಇಂಥ ಅರ್ಥ ಸಾವಿರ ವರ್ಷದಲ್ಲಿ ಕೇಳಿಲ್ಲ ಎಂದಿದ್ದರು.

ಪಸ್ಕಹಬ್ಬದಿಂದ ವಾರಗಳ ಹಬ್ಬದವರೆಗೆ ಆರು ಸಬ್ಬತ್ತು. ಒಂದೊಂದಕ್ಕೆ ಒಂದೊಂದು ಅಧ್ಯಾಯ ಹಿರಿಯರ ನೀತಿಮಾತು ಓದಿ, ಸರದಿ ಬಂದವರು ಅರ್ಥ ಹೇಳಬೇಕು. ಇದು ನಾಲ್ಕನೆಯದು, ಎಲ್ಕಾನಾನ ಸರದಿ. ತನ್ನ ಪಾಲಿಗೆ ಬಂದದ್ದರಲ್ಲಿ ಸುಖಪಡುವವನೇ ಸಿರಿವಂತ ಎಂಬ ಮಾತಿಗೆ ಅವನು ಹೇಳಿದ್ದು: ತನ್ನ ಪಾಲು ಯಾವುದೆಂದು ತಿಳಿಯಬೇಕಾದರೆ, ಬೇರೆಯವರ ಪಾಲಿಗೆ ಎಲ್ಲಿ ಕೈ ಹಾಕಬಾರದೆಂದು ಮೊದಲು ತಿಳಿದಿರಬೇಕು.

ಹೆಂಗಸರ ಮೇಲಟ್ಟದ ಜಾಲರಿಯ ಹಿಂದೆ ಕೂತಿದ್ದ ತಿರ್ಸಾಳ ಎದೆ ಧಗ್ಗೆಂದಿತ್ತು. ಗುರುವಾರ ಅಪ್ಪನ ಸಾಂಬಾರ ಅಂಗಡಿಯಲ್ಲಿ ಜೀರಿಗೆ ತೂಗುತ್ತಾ ಅವಳೇ ಅವನಿಗೆ ಹೇಳಿದ ಮಾತದು! ವಾರಕ್ಕೆ ಮೂರು ಸಲ ಜೀರಿಗೆ ಕೊಳ್ಳುವ ನೆಪದಲ್ಲಿ ಬರುತ್ತಿದ್ದನಲ್ಲ... ಅವನ ಮನೆಯ ಜೀರಿಗೆ ಮೆಸ್ಸೀಯ ಬಂದರೂ ಮುಗಿಯದು.

"ಕೈ ಹಾಕಬಾರದು ಅನ್ನೋ ಮಾತಿಗೇ ಕೈ ಹಾಕಿದೆಯಲ್ಲೋ..."

ಎಲ್ಕಾನಾ ತಡವರಿಸಿದ. ವಾರಗಳ ಹಬ್ಬ ಮುಗಿದ ಮೇಲೆ ತನ್ನ ಅಮ್ಮ ಹೆಣ್ಣು ಕೇಳಲು ಬರುವವಳಿದ್ದಾಳೆ. ಅದಕ್ಕೆ ಮೊದಲೇ ಗಂಡಸರ ನಡುವೆ ಅವಳ ಹೆಸರೆತ್ತಿದರೆ ಓಣಿಯ ಬಾಯಿಗೆ ಬೀಳುತ್ತಾಳೆ, ಅದಕ್ಕೇ ಎತ್ತಲಿಲ್ಲ ಎಂದ.

"ನನ್ನ ಮಾತು ಸಿಹಿ, ನನ್ನ ಹೆಸರು ನಾಲಿಗೆ ಸುಡುತ್ತಾ? ನಿಮ್ಮಮ್ಮನಿಗೆ ಹೇಳು, ನಮ್ಮ ಮೆಟ್ಟಿಲು ಹತ್ತೋದು ಬೇಡ."

ಎರಡು ವಾರ ಅವಳು ಅವನಿಗೆ ಒಂದು ಕಾಳು ಜೀರಿಗೆಯನ್ನೂ ತೂಗಲಿಲ್ಲ. ಅವಳ ಸಿಟ್ಟಿಗೆ ಅಂಗಡಿಯ ಮೆಣಸಿನಕಾಯಿಯೇ ಸೀನಿತು ಎಂದರೆ ನಂಬಬೇಕು ನೀವು. ಆದರೆ ಬಾಗಿಲಲ್ಲಿ ನೆರಳು ಬಿದ್ದಾಗಲೆಲ್ಲ ತಲೆಯೆತ್ತಿ ನೋಡುತ್ತಿದ್ದಳು... ಥೂ, ಯಾಕೆ ನೋಡಬೇಕು ನಾನು?

ಆರನೆಯ ಸಬ್ಬತ್ತು. ಕೇಳಿದ ಮಾತನ್ನು ಹೇಳಿದವರ ಹೆಸರಿನಲ್ಲೇ ಹೇಳಬೇಕು, ಅದರಿಂದ ಲೋಕಕ್ಕೇ ಬಿಡುಗಡೆ ಎಂಬ ಸಾಲು ಬರುವ ಅಧ್ಯಾಯ. ಆ ಸಾಲು ಓದಿದ್ದೇ ತಡ, ಎಲ್ಕಾನಾ ಎದ್ದು ನಿಂತ. ಸರದಿ ಅವನದಲ್ಲ.

"ಅವತ್ತು ನಾನು ಹೇಳಿದ ಅರ್ಥ ನನ್ನದಲ್ಲ. ಸಾಂಬಾರ ಅಂಗಡಿಯ ನಯೀಮರ ಮಗಳು ತಿರ್ಸಾ ಹೇಳಿದ್ದು. ನಾನು ಕದ್ದೆ."

ಸೊಳ್ಳೆಯೂ ಹಾರುವುದು ನಿಲ್ಲಿಸಿತು. ಕೊನೆಗೆ ಮುದುಕ ಶಬ್ತಾಯಿ ಗಡ್ಡ ನೀವಿಕೊಂಡು, "ಅದೇ ಅಂದ್ಕೊಂಡೆ, ಇವನ ತಲೆಗೆ ಎಲ್ಲಿಂದ ಬಂತು ಅಂತ," ಅಂದ. ಮೇಲಟ್ಟದಲ್ಲಿ ಅಜ್ಜಿ ತಿರ್ಸಾಳ ಕೈ ಹಿಸುಕಿದಳು.

ಮೆಟ್ಟಿಲ ಬಳಿ ಈ ಸಲ ಅಡ್ಡ ನಿಂತವನು ಅವನು.

"ಇನ್ನು ಓಣಿಯೆಲ್ಲ ಮಾತಾಡುತ್ತೆ, ತಿರ್ಸಾ."

"ಆಡಲಿ. ನನ್ನ ಹೆಸರು ಹೇಳಿಯೇ ಆಡಲಿ."

"ಅಮ್ಮ ಬರಬಹುದಾ?"

ಅವಳು ತಲೆಯೆತ್ತಿ ಅವನನ್ನು ನೋಡಿದಳು. ಕಣ್ಣಲ್ಲಿ ಕೆಂಡ ಇನ್ನೂ ಇತ್ತು, ನೀರೂ ಇತ್ತು.

"ಬರಲಿ. ಯಾರಿಗೋಸ್ಕರ ಬಂದ್ರಿ ಅಂತ ಕೇಳಿದರೆ ಏನು ಹೇಳ್ತಾರೆ?"

"ತಿರ್ಸಾಗೋಸ್ಕರ."

"ಇನ್ನೊಂದು ಸಲ ಹೇಳು..." ಅಂದಳು, ಮೆಲ್ಲಗೆ.