ಅಭಿರಾಮಿ ಬರೆದ ಐದನೇ ಕಾಲಂ

ಕಂಬಂನ ನಮ್ಮ ಸಂಘದ ಕಚೇರಿಗೆ ಅಭಿರಾಮಿ ಮೊದಲ ಸಲ ಬಂದದ್ದು ಜಗಳ ಆಡಲಿಕ್ಕೆ.

"ಮದ್ವೆ ಲಿಸ್ಟ್‌ನಾಗೆ ನಂಗೆ ಮೂವತ್ನಾಕು ವಯಸ್ಸು ಹಾಕಿದ್ದು ಯಾರು?"

"ಹಳೇ ನೋಟ್‌ಬುಕ್‌ನಾಗೆ ಹಂಗೇ ಇತ್ತು," ಎಂದೆ. ಇಪ್ಪತ್ನಾಲ್ಕರ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ನಾನು ಅಲ್ಲೇ ಸೋತೆ.

ತಮಿಳುನಾಡಿನ ಈ ಕಣಿವೆಯಲ್ಲಿರುವ ನಮ್ಮ ಕನ್ನಡದ ಮನೆಗಳ, ಮದುವೆಗೆ ಬಂದ ಹುಡುಗ ಹುಡುಗಿಯರನ್ನು ಕಂಪ್ಯೂಟರಿಗೆ ಹಾಕುವ ಕೆಲಸ ನನ್ನದು. ತನ್ನೂರು ಗೂಡಲೂರಿನವರ ಹೆಸರು ತಾನೇ ಟೈಪ್ ಮಾಡಿ ಕೊಡುತ್ತೇನೆಂದು ಹಟ ಹಿಡಿದಳು. ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟೆ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಬ್ಬೊಬ್ಬರಿಗೂ ಒಂದು ಡಿಕ್ಷನರಿ, ಅಂದರೆ ವಿವರಗಳ ಕಟ್ಟು: ಹೆಸರು, ವಯಸ್ಸು, ಕುಲ, ಊರು. ಎಲ್ಲವನ್ನೂ ಒಂದು ಲಿಸ್ಟ್‌ಗೆ ಸೇರಿಸಿ ಕೊಟ್ಟರೆ ಪ್ರೋಗ್ರಾಂ ತಾನೇ ಟೇಬಲ್ ಮಾಡಿಕೊಳ್ಳುತ್ತದೆ.

"ಬೇರೆ ಯಾರ್ಗೂ ಇಲ್ದಿರೋ ಕಾಲಂ ಒಂದು ಸೇರಿಸ್ಲಾ ಲೋಗೇಶ್ ಮಾಮಾ?"

ನಮ್ಮಿಬ್ಬರ ಕುಲ ಬೇರೆ, ಮದುವೆಯಾಗಬಹುದಾದವನನ್ನು ಕರೆಯುವಂತೆ ಮಾಮಾ ಎನ್ನಲು ಅಡ್ಡಿಯಿರಲಿಲ್ಲ. ಅಂದವಳು ಕಣ್ಣು ತಗ್ಗಿಸಿದಳು, ಆಮೇಲೆ ಓರೆಯಾಗಿ ನೋಡಿದಳು.

"ಸೇರ್ಸು ಪುಳ್ಳ. ಏನ್ ಬರೆದ್ರೂ ಟೇಬಲ್‌ಗೆ ಬತ್ತದೆ." ಪುಳ್ಳ ಎಂದರೆ ನಮ್ಮಲ್ಲಿ ಹುಡುಗಿ, ಸಲಿಗೆಯ ಮಾತು.

ಬರುತ್ತಿತ್ತು ಕೂಡ. ಆದರೆ ಬೇರೆ ಊರುಗಳವರು ಕಾರು, ಬೋರ್‌ವೆಲ್, ಅಜ್ಜಿಯ ಬಿಪಿ ಎಲ್ಲ ಬರೆದು ಕಳಿಸಿದರು, ಟೇಬಲ್ ಗಬ್ಬೆದ್ದುಹೋಯಿತು. ತಲೆ ಕೆಟ್ಟು ಒಂದು ಸಾಲು ಕೋಡ್ ಸೇರಿಸಿದೆ: ಈ ನಾಲ್ಕು ಕಾಲಂ ಇಟ್ಟುಕೋ, ಉಳಿದದ್ದನ್ನು ಬಿಟ್ಟುಬಿಡು. ಪ್ರೋಗ್ರಾಂ ತುಟಿಪಿಟಕ್ಕೆನ್ನದೆ ಬಿಟ್ಟುಬಿಟ್ಟಿತು.

ಗೂಡಲೂರಿನ ಫೈಲ್ ಕಳಿಸಿದ ವಾರವೇ ಅಭಿರಾಮಿ ಬಂದಳು.

"ನನ್ ಫೈಲ್ ನೋಡಿದ್ರಾ ಮಾಮಾ?" ಬೆರಳಿಗೆ ದುಪಟ್ಟಾದ ಅಂಚು ಸುತ್ತುತ್ತಿದ್ದಳು.

"ಓ, ಟೇಬಲ್‌ಗೆ ಏರಿಸ್ದೆ. ಬೇಡದ್ದನ್ನೆಲ್ಲಾ ಬಿಸಾಕ್ದೆ."

"ಬೇಡದ್ದಾ?"

"ಊಂ. ಬುದ್ದಿ ಬೇಡವಾ ಜನಕ್ಕೆ? ತೋಚಿದ್ದೆಲ್ಲಾ ಬರೀತಾರೆ."

ನಗಿಸಲೆಂದೇ ಹೇಳಿದ್ದೆ. ಅವಳು ನಗಲಿಲ್ಲ. ಚಹಾ ಕುಡಿಯದೆ ಎದ್ದು ಹೋದಳು.

ಮುಂದಿನ ತಿಂಗಳು ಅವಳ ಅಪ್ಪ ರಾಮಸಾಮಿ ವರ ಹುಡುಕಿಕೊಂಡು ಬಂದರು. ಪೆರಿಯಕುಳಂನ ಸೆಂದಿಲ್‌ಕುಮಾರನ ವಿವರ ಪ್ರಿಂಟ್ ತೆಗೆದು ಕೊಟ್ಟವನು ನಾನೇ. ಅವಳು ಒಪ್ಪುವುದಿಲ್ಲ ಎಂಬ ಧೈರ್ಯವಿತ್ತು ನನಗೆ. ಒಂದೇ ಮಾತಿಗೆ ಒಪ್ಪಿದಳಂತೆ. ನನ್ನನ್ನು ಆಟ ಆಡಿಸಿದಳು ಎಂದು ಉರಿದುಕೊಂಡೆನೇ ಹೊರತು ಹೋಗಿ ಕೇಳಲಿಲ್ಲ.

ಮದುವೆಯಾದವರು ಬಂದು ಲಿಸ್ಟ್‌ನಿಂದ ಹೆಸರು ತೆಗೆಸುವುದು ಸಂಘದ ಪದ್ಧತಿ. ಅರಿಶಿನದ ದಾರ ಇನ್ನೂ ಹಸಿಯಿರುವಾಗಲೇ ಬಂದು ಎದುರು ಕೂತಳು. ಹೆಸರು ತೆಗೆಯಲೆಂದು ಅವಳು ಕಳಿಸಿದ್ದ ಫೈಲನ್ನು ಆವತ್ತು ಮೊದಲ ಸಲ ತೆರೆದೆ. ಅವಳ ಡಿಕ್ಷನರಿಯಲ್ಲಿ ಐದನೆಯ ಕಾಲಂ ಒಂದಿತ್ತು. ಮನಸ್ಸಿನಲ್ಲಿರುವವರು: ಲೋಗೇಶ್ ಮಾಮಾ.

"ಅಭಿ, ಇದನ್ನ ನಾನು ಈಗ ನೋಡ್ತಾ ಇವ್ನಿ."

"ಬಿಸಾಕ್ದೆ ಅಂದ್ರಲ್ಲ."

"ನೋಡ್ದೇ ಬಿಸಾಕ್ದೆ. ನಂಗೆ ನೀನೇ ಬೇಕಾಗಿತ್ತು ಪುಳ್ಳ."

ಅವಳ ಕಣ್ಣು ತುಂಬಿತು. ಹೊರಗೆ ಸೆಂದಿಲ್‌ಕುಮಾರ್ ಬೈಕಿನ ಹಾರನ್ ಒತ್ತಿದ.

"ತೆಗೆದ್ಬುಡಿ ಮಾಮಾ," ಎಂದು ಎದ್ದಳು. "ಈಗ ಅದು ಬೇಡದ್ದೇ."

ಟೇಬಲ್‌ನಿಂದ ಅವಳ ಸಾಲನ್ನು ಅಳಿಸಿದೆ. ಐದನೆಯದನ್ನು ಅಳಿಸುವ ಕೆಲಸವೇ ಇರಲಿಲ್ಲ. ಅದನ್ನು ನಾನು ಇಟ್ಟುಕೊಂಡೇ ಇರಲಿಲ್ಲ.