ಇನ್ನೂರ ಹದಿನೇಳನೇ ಬಿಲ್ಲೆ

"ಸಾರ್, ಏನು ಬೇಕಾದ್ರೂ ಉಜ್ಜಿ, ತೊಳೀರಿ. ಆ ಇನ್ನೂರ ಹದಿನೇಳನ್ನ ಮಾತ್ರ ಮುಟ್ಟಬೇಡಿ."

ಗೇಟಿನ ಮುದುಕ ಇದನ್ನು ಮೂರನೇ ಸಲ ಹೇಳಿದಾಗ ಮ್ಯೂಸಿಯಂನವನಿಗೆ ನಗು ತಡೆಯಲಾಗಲಿಲ್ಲ. ಹಡಗು ಕಟ್ಟುತ್ತಿದ್ದ ಯಾರ್ಡು ಮುಚ್ಚಿಹೋಗಿ, ಅದರ ಗೇಟ್ ಆಫೀಸು ಮ್ಯೂಸಿಯಂ ಆಗಲಿತ್ತು. ಆ ಕೆಲಸಕ್ಕೆಂದು ಅವನು ಬಂದು ಹದಿನೈದು ದಿನ. ಊರೂ ಹೊಸದು, ಬಾಡಿಗೆ ಕೋಣೆಯೂ ಹೊಸದು. ದಿನಾ ಸಂಜೆ ಆರಕ್ಕೆ ಫೋನ್ ಮಾಡಿ "ಊಟಕ್ಕೇನು ಮಾಡ್ಕೊಂಡೆ?" ಎಂದು ಕೇಳುವ ಅಕ್ಕನೊಬ್ಬಳೇ ಅವನ ಬಂಧು ಬಳಗವೆಲ್ಲ. ತಾಯಿಯಿಲ್ಲದವನನ್ನು ಎತ್ತಿ ಆಡಿಸಿ ಬೆಳೆಸಿದವಳು. ಆ ಕರೆಯೂ ಮಹರಾಯನಿಗೆ ಕಿರಿಕಿರಿ. ಹೂಂ, ಹೂಂ ಎಂದು ಎರಡೇ ನಿಮಿಷದಲ್ಲಿ ಮುಗಿಸುತ್ತಿದ್ದ.

ಡಾಂಬರು, ಹಳೇ ಹಗ್ಗ ನಾರುವ ಗೇಟ್ ಆಫೀಸಿನ ಗೋಡೆಯಲ್ಲಿ ಎರಡು ಹಲಗೆ. ಒಂದರ ಮೇಲೆ 'ಒಳಗೆ' ಎಂದು ಬರೆದಿತ್ತು, ಇನ್ನೊಂದರ ಮೇಲೆ 'ಹೊರಗೆ'. ಕೆಲಸಕ್ಕೆ ಬಂದವನು ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಒಳಗಿನ ಹಲಗೆಗೆ ಹಾಕಬೇಕು, ಮನೆಗೆ ಹೊರಟಾಗ ಹೊರಗಿನದಕ್ಕೆ. ಈಗ ಎಲ್ಲ ಬಿಲ್ಲೆಗಳೂ ಹೊರಗಿದ್ದವು. ಇನ್ನೂರ ಹದಿನೇಳು ಮಾತ್ರ ಒಳಗೆ, ಕಪ್ಪು ದಾರದಲ್ಲಿ ಬಿಗಿದು ಕಟ್ಟಿತ್ತು.

"ಅದು ತಗಡಿಗೆ ರಿವೆಟ್ ಮೊಳೆ ಹೊಡೆಯೋನದು," ಮುದುಕ ದನಿ ತಗ್ಗಿಸಿದ. "ಹಡಗಿನ ತಳದಲ್ಲಿ, ಜೋಡಿ ತಗಡಿನ ನಡುವೆ ಕೆಲಸ ಮಾಡ್ತಿದ್ದ. ಮೇಸ್ತ್ರಿಗೆ ಅವಸರ, ಅವನು ಒಳಗಿರೋದು ನೋಡದೇ ಮುಚ್ಚಿಸಿಬಿಟ್ಟ. ಆಮೇಲೆ ಗೊತ್ತಾದ್ರೂ ಬಾಯಿ ಬಿಡಲಿಲ್ಲ. ತಾನೇ ಬಿಲ್ಲೆ ತೆಗೆದು ಹೊರಗೆ ಹಾಕಿದ. ಹೆಂಡತಿ ಬಂದು ಕೇಳಿದ್ರೆ, ನೋಡಮ್ಮ, ಹೊರಗೆ ಹೋಗಿದಾನೆ ಅಂತ ಹಲಗೆ ತೋರಿಸಿದ್ರು. ಯಾರೂ ಹುಡುಕಲಿಲ್ಲ. ಅವಳು ಮಾಟ ಮಾಡಿಸಿ ಇದನ್ನ ಇಲ್ಲಿ ಕಟ್ಟಿದಳು. ಇದನ್ನ ಹೊರಗೆ ಹಾಕಿದವರನ್ನೂ ಯಾರೂ ಹುಡುಕದೇ ಹೋಗ್ಲಿ ಅಂತ."

"ಒಳ್ಳೇ ಕಾಗಕ್ಕ ಗುಬ್ಬಕ್ಕನ ಕತೆ!"

ಬೀದಿಯಲ್ಲಿ ಕೈಚೀಲ ಹಿಡಿದ ಹೆಂಗಸೊಬ್ಬಳು ಹೋಗುತ್ತಿದ್ದಳು. ಅವಳು ತಿರುವು ದಾಟುವವರೆಗೂ ಮುದುಕ ಎದ್ದು ನಿಂತು ನೋಡಿದ. ಅವಳು ಇತ್ತ ತಿರುಗಲೂ ಇಲ್ಲ.

ಮರುದಿನ ಉದ್ಘಾಟನೆ. ಹಲಗೆ ಒಪ್ಪವಾಗಿ ಕಾಣಬೇಡವೇ? ಮುದುಕ ಅತ್ತ ಹೋದದ್ದೇ ತಡ, ಮ್ಯೂಸಿಯಂನವನು ದಾರ ಕತ್ತರಿಸಿದ. ಸುಟ್ಟ ಕೂದಲಿನ ವಾಸನೆ ಮೂಗಿಗೆ ಹೊಡೆಯಿತು. ಬಿಲ್ಲೆ ಬೆಚ್ಚಗಿತ್ತು, ಈಗಷ್ಟೇ ಯಾರದೋ ಅಂಗೈಯಿಂದ ಬಂದ ಹಾಗೆ. ಅದನ್ನು ಹೊರಗಿನ ಹಲಗೆಗೆ ಸಿಕ್ಕಿಸಿ ಕೈ ಒರೆಸಿಕೊಂಡ.

ಆರು ಹೊಡೆಯಿತು. ಫೋನ್ ಬರಲಿಲ್ಲ. ಆರೂಕಾಲಾಯಿತು. ಕೊನೆಗೆ ಅವನೇ ಮಾಡಿದ.

"ಅಕ್ಕಾ, ನಾನು."

"ಯಾರಪ್ಪ?"

"ನಾನೇ ಕಣೇ, ನಿನ್ನ ತಮ್ಮ!"

"ನನಗೆ ತಮ್ಮ ಇಲ್ವಲ್ಲಪ್ಪ. ರಾಂಗ್ ನಂಬರ್ ಇರ್ಬೇಕು."

ತಮಾಷೆಯ ದನಿಯಲ್ಲ ಅದು. ಫೋನ್ ಅವನ ಕೈಜಾರಿ ಬಿತ್ತು. ಅಷ್ಟರಲ್ಲಿ ಮುದುಕ ನಿದ್ದೆಗಣ್ಣಿನವನ ಹಾಗೆ ಬಂದು, ಬರಿದಾದ ಒಳಗಿನ ಹಲಗೆಯ ಮೇಲೆ ಕಣ್ಣಾಡಿಸಿ, "ಒಳಗೆ ಯಾರೂ ಇಲ್ಲ," ಎಂದು ದೀಪ ಆರಿಸಿದ.

"ಅಜ್ಜಾ, ನಾನಿದೀನಿ!" ಅವನು ಓಡಿಹೋಗಿ ಕೈ ಹಿಡಿದೆಳೆದ. ಮುದುಕ ನೊಣ ಕೂತಿತೆಂಬಂತೆ ತೋಳು ಕೊಡವಿಕೊಂಡು ಹೊರಗೆ ಹೋದ. ಬೀಗ ಬಿತ್ತು.

ಕತ್ತಲೆ. ತುಕ್ಕಿನ ವಾಸನೆ. ನೆಲದಡಿಯಿಂದ ಸದ್ದು. ಠಣ್. ಠಣ್. ಠಣ್. ಯಾರೋ ಒಳಗಿನಿಂದ ತಗಡು ಬಡಿಯುತ್ತಿದ್ದರು. ಗೋಡೆಗಳು ಹತ್ತಿರ ಬಂದವು. ಭುಜಕ್ಕೆ ತಣ್ಣನೆಯ ಕಬ್ಬಿಣ. ಬೆನ್ನಿಗೂ. ಕಿರುಚಿದ. ದನಿ ಅವನಿಗೇ ಬಂದು ಬಡಿಯಿತು. ಪಕ್ಕದಲ್ಲಿ ಇನ್ನೊಂದು ಉಸಿರು. ಕಿವಿಯ ಹತ್ತಿರವೇ. ತಡಕಾಡಿದ. ಹಲಗೆ ಸಿಕ್ಕಿತು. ಬಿಲ್ಲೆಗಳು. ತಣ್ಣಗೆ. ತಣ್ಣಗೆ. ತಣ್ಣಗೆ. ಒಂದು ಮಾತ್ರ ಬೆಚ್ಚಗೆ. ಕಿತ್ತ. ಒಳಗಿನ ಹಲಗೆಗೆ ಒತ್ತಿ ಹಿಡಿದ.

ಬಾಗಿಲು ತೆರೆಯಿತು. ಮುದುಕ ಟಾರ್ಚ್ ಬಿಟ್ಟು ನೋಡಿ ಹೌಹಾರಿದ. "ಅಯ್ಯೋ ಸಾರ್, ಮುಟ್ಟೇಬಿಟ್ರಾ?"

"ವಾಪಸ್ ಹಾಕಿದೀನಲ್ಲ ಅಜ್ಜ. ಎಲ್ಲ ಸರಿಹೋಗುತ್ತೆ ಅಲ್ವಾ?"

"ಜೀವ ಉಳೀತು, ಅಷ್ಟೇ." ಮುದುಕ ಬೀದಿಯ ಕಡೆ ನೋಡಿದ. "ನಾನೂ ನಿಮ್ಮ ಹಾಗೇ ನಕ್ಕು, ಅದನ್ನ ಹೊರಗೆ ಹಾಕಿದ್ದೆ. ಸಂಜೆ ಚೀಲ ಹಿಡ್ಕೊಂಡು ಹೋದಳಲ್ಲ, ಅವಳು ನನ್ನ ಮಗಳು. ಹನ್ನೊಂದು ವರ್ಷದಿಂದ ದಿನಾ ಇದೇ ದಾರೀಲಿ ಹೋಗ್ತಾಳೆ."

ಈಗ ಸಂಜೆ ಆರಕ್ಕೆ ಅವನೇ ಫೋನ್ ಮಾಡುತ್ತಾನೆ. ಅಕ್ಕ ಮೊದಮೊದಲು ರೇಗಿದಳು, ಆಮೇಲೆ ಮೆತ್ತಗಾದಳು. ಅವಳ ಸ್ವಭಾವವೇ ಹಾಗೆ. ಮೊನ್ನೆ ಕೇಳಿದಳು, "ಪಾಪ, ನಿಮಗೆ ನಿಮ್ಮವರು ಅಂತ ಯಾರೂ ಇಲ್ವಾ?"

"ಅಕ್ಕ ಒಬ್ಬಳು ಇದಾಳೆ," ಎಂದ.

"ಮತ್ತೆ ಅವರಿಗೆ ಮಾಡಿ, ಕಾಯ್ತಿರ್ತಾರೆ," ಎಂದು ಅಕ್ಕ ಫೋನ್ ಇಟ್ಟಳು.