ಸೀಟಿ ಹೊಡೆದ ಮೇಲೆ ಕೊಡಲೇಬೇಕು

ಪೀಈಈಪ್!

ಬೆನ್ನ ಹಿಂದೆ ಸೀಟಿ ಕೇಳಿದ್ದೇ ತಡ, ಅವಳ ಸಿಟ್ಟು ನೆತ್ತಿಗೇರಿತು. ಕೈಯಲ್ಲಿದ್ದ ಮಾಂಸದ ಬಕೆಟ್ಟನ್ನು ನೆಲಕ್ಕೆ ಕುಕ್ಕಿ ತಿರುಗಿದಳು.

"ಏನ್ರೀ ಇದು? ಹುಡುಗೀರನ್ನ ನೋಡಿ ಸೀಟಿ ಹೊಡೆಯೋಕೆ ಇದೇನು ಬಸ್ ಸ್ಟ್ಯಾಂಡಾ?"

ಚಿರತೆ ಬೋನಿನ ಹಿಂದಿನ ಪ್ಯಾಸೇಜಿನಲ್ಲಿ ನಿಂತಿದ್ದವನು ಕಕ್ಕಾಬಿಕ್ಕಿಯಾದ. ಕುತ್ತಿಗೆಯಲ್ಲಿ ಕಪ್ಪು ದಾರ, ದಾರದ ತುದಿಯ ಸೀಟಿ ಇನ್ನೂ ತುಟಿಯಲ್ಲೇ ಇತ್ತು.

"ನೀವು ದಢಾರಂತ ಬಾಗಿಲು ತೆಗೆದ್ರಿ... ಗಾಬರಿಯಾಗಿ ಊದಿಬಿಟ್ಟೆ. ತಪ್ಪಾಯ್ತು!"

"ತಪ್ಪಂತೆ ತಪ್ಪು!"

"ಆಮೇಲೆ ಬೈರಿ. ಮೊದಲು ಒಂದು ತುಂಡು ಮಾಂಸ ಕೊಡಿ, ಬೇಗ!"

ಅವಳು ಕೊಡುವ ಮೊದಲೇ ಅವನು ಇಕ್ಕಳದಲ್ಲಿ ಒಂದು ತುಂಡು ಎತ್ತಿ ಜಾಲರಿಯೊಳಗೆ ತೂರಿಸಿದ. ಒಳಗಿದ್ದ ಮುದಿ ಚಿರತೆ ಅದನ್ನು ಗಬಕ್ಕನೆ ನುಂಗಿ ಇಬ್ಬರನ್ನೂ ನೋಡಿತು.

"ಸೀಟಿ ಅಂದ್ರೆ 'ಸರಿಯಾಗಿ ಮಾಡಿದೆ, ಈಗ ಮಾಂಸ ಬರುತ್ತೆ' ಅಂತ ನಾವು ಕೊಡೋ ಮಾತು. ಸೀಟಿ ಹೊಡೆದ ಮೇಲೆ ಕೊಡಲೇಬೇಕು. ತಪ್ಪಿ ಹೊಡೆದ್ರೂನೂ. ಇಲ್ಲಾಂದ್ರೆ ನಾಳೆ ಅದು ನಮ್ಮನ್ನ ನಂಬಲ್ಲ."

ಅಯ್ಯೋ! ಹುಲಿ, ಚಿರತೆ ನೋಡಿಕೊಳ್ಳುವ ಪಾಲಕರಿಗೆ ಮೂರು ವಾರ ತರಬೇತಿ ಕೊಡಲು ಬರುತ್ತಾರೆ ಎಂದಿದ್ದರಲ್ಲ, ಅವರು ಇವರೇನಾ? ಅವಳು ನಾಲಿಗೆ ಕಚ್ಚಿಕೊಂಡಳು.

ಸಂಜೆಯ ಹೊತ್ತಿಗೆ ಮೃಗಾಲಯಕ್ಕೆ ಮೃಗಾಲಯವೇ ಅವನನ್ನು ಸೀಟಿ ಮೇಷ್ಟ್ರು ಅನ್ನತೊಡಗಿತ್ತು. ಅವಳಿಗಂತೂ ಅಡ್ಡಹೆಸರು ಎಂದೋ ಬಿದ್ದಿತ್ತು: ಗಿರಗಿಟ್ಲೆ! ನಿಂತಲ್ಲಿ ನಿಂತವಳಲ್ಲ, ಕೂತಲ್ಲಿ ಕೂತವಳಲ್ಲ. "ಕೂತ್ಕೊಂಡು ಊಟ ಮಾಡೇ, ಕಾಲಿಗೆ ಚಕ್ರ ಕಟ್ಕೊಂಡಿದ್ದೀಯಾ?" ಎಂದು ಮನೆಯಲ್ಲಿ ಅಮ್ಮ ದಿನಾ ಬೈಯುತ್ತಿದ್ದಳು.

ಈಗ ಆ ಚಡಪಡಿಕೆಗೆ ಕಾರಣವೂ ಇತ್ತು. ಆ ಮುದಿ ಚಿರತೆಯನ್ನು ಎಲ್ಲರೂ ಅಜ್ಜಿ ಅನ್ನುತ್ತಿದ್ದರು. ಗಿರಗಿಟ್ಲೆ ಆರು ವರ್ಷದಿಂದ ಸಾಕಿದ ಅಜ್ಜಿ. ಮೂತ್ರಪಿಂಡ ಕೆಟ್ಟಿರಬಹುದು, ರಕ್ತ ಪರೀಕ್ಷೆ ಆಗಲೇಬೇಕು ಎಂದಿದ್ದರು ಡಾಕ್ಟರು. ಆದರೆ ಮಂಪರು ಮದ್ದು ಕೊಟ್ಟರೆ ಈ ವಯಸ್ಸಿಗೆ ಮತ್ತೆ ಏಳುವ ಭರವಸೆ ಇಲ್ಲ. ಉಳಿದದ್ದು ಒಂದೇ ದಾರಿ... ಅಜ್ಜಿ ತಾನಾಗಿಯೇ ಜಾಲರಿ ಪಕ್ಕ ಮಲಗಿ, ಕಿಂಡಿಯಿಂದ ಬಾಲ ಹೊರಗೆ ಬಿಟ್ಟು, ಸೂಜಿ ಚುಚ್ಚಿಸಿಕೊಳ್ಳಬೇಕು!

ಆದರೆ ಅಜ್ಜಿ ಮಲಗಿದರೆ ತಾನೇ? ಆ ಗೋಡೆಯಿಂದ ಈ ಗೋಡೆಗೆ ಒಂದೇ ಸಮನೆ ಅಲೆದಾಟ.

"ಅಜ್ಜಿ ಯಾಕೆ ಹೀಗೆ ಓಡಾಡ್ತಾಳೆ ಗೊತ್ತಾ?" ಎಂದ ಮೇಷ್ಟ್ರು.

"ವಯಸ್ಸಾಯ್ತಲ್ಲ, ಮೈಕೈ ನೋವಿರಬೇಕು."

"ಅಲ್ಲ. ನೀವು ಓಡಾಡ್ತಿದ್ದೀರ, ಅದಕ್ಕೆ."

ಗಿರಗಿಟ್ಲೆ ತನ್ನ ಕಾಲು ನೋಡಿಕೊಂಡಳು. ಜಾಲರಿಯ ಈಚೆ ಇವಳು ನಾಲ್ಕು ಹೆಜ್ಜೆ, ಆಚೆ ಅಜ್ಜಿ ನಾಲ್ಕು ಹೆಜ್ಜೆ. ಛೇ... ಇಷ್ಟು ದಿನ ನಾನೇನಾ ಅವಳನ್ನ ಸುಸ್ತು ಮಾಡಿದ್ದು?

ಅಂದಿನಿಂದ ನಿಲ್ಲುವುದೇ ಅವಳ ಪಾಠವಾಯಿತು. ಮೊದಲು ಹತ್ತು ಎಣಿಸುವವರೆಗೆ, ಆಮೇಲೆ ಇಪ್ಪತ್ತು... ಎರಡನೇ ವಾರದ ಒಂದು ಬೆಳಗ್ಗೆ ಅವಳು ನೂರು ಎಣಿಸಿದರೂ ಅಲುಗಲಿಲ್ಲ. ಅಜ್ಜಿಯೂ ನಿಂತಳು. ಮೂಸಿದಳು. ಉಸ್ಸೆಂದು ಮಲಗಿ ಬಾಲವನ್ನು ಕಿಂಡಿಯತ್ತ ಚಾಚಿದಳು! ಗಿರಗಿಟ್ಲೆ ಮೇಷ್ಟ್ರು ಕೊಟ್ಟಿದ್ದ ಸೀಟಿ ಊದಿ ಮಾಂಸ ಕೊಟ್ಟಳು.

ಪೀಪ್! ಮೇಷ್ಟ್ರ ಸೀಟಿಯೂ ಕೂಗಿತು.

"ನಾನಾಗಲೇ ಊದಿದ್ನಲ್ಲ ಮೇಷ್ಟ್ರೇ?"

"ಇದು ಅಜ್ಜಿಗಲ್ಲ... ನಿಮಗೆ."

ಉಳಿದ ಪಾಲಕರೆಲ್ಲ ಹೋ ಎಂದು ನಕ್ಕರು. ನಿಯಮ ನಿಯಮವೇ, ಅಜ್ಜಿಗೆ ಇನ್ನೊಂದು ತುಂಡು ಸಿಕ್ಕಿತು.

"ಮತ್ತೆ ನನಗೆ?" ಎಂದಳು ಗಿರಗಿಟ್ಲೆ, ತುಂಟತನದಿಂದ.

ಅವನ ಕಿವಿಗಳೆರಡೂ ಕೆಂಪಾದವು. ಅಂದು ಮನೆಯಲ್ಲಿ ಅವಳು ಕೂತೇ ಊಟ ಮಾಡಿದಳು, ಅಮ್ಮನಿಗೆ ಗಾಬರಿಯಾಯಿತು!

ಆದರೆ ಶನಿವಾರ ಕಚೇರಿಯ ಮೇಜಿನ ಮೇಲೆ ಅವಳ ಹೆಸರಿನ ವರದಿ ಕಣ್ಣಿಗೆ ಬಿತ್ತು. ಅವನದೇ ಅಕ್ಷರ. ಹಾಳೆಯ ಕೊನೆಯ ಸಾಲು ಹೀಗಿತ್ತು: 'ಈ ಪಾಲಕಿಯನ್ನು ಮುಂದಿನ ವಾರ ಪೂರ್ತಿ ಚಿರತೆಯಿಂದ ದೂರ ಇಡಬೇಕು.'

ಅವಳು ಅಲ್ಲಿಂದ ದಡಬಡನೆ ಹೊರಗೆ ಬಂದಳು. ನಗುನಗ್ತಾನೇ ಕತ್ತು ಕುಯ್ದನಲ್ಲ!

ಯಾಕೆಂದು ಕೇಳಲಿಲ್ಲ ಅವಳು. ಕೇಳಿದರೆ ಅಳು ಬರುತ್ತಿತ್ತು. ಸೋಮವಾರದಿಂದ ಮಾಂಸ ಕತ್ತರಿಸುವ ಕೋಣೆ ಸೇರಿದಳು. ಹಲಗೆಯಿಂದ ಬಾಗಿಲಿಗೆ, ಬಾಗಿಲಿಂದ ಹಲಗೆಗೆ... ಅಜ್ಜಿ ನೀರು ಕುಡಿದಳಾ? ಹೊಸಬರ ಮೇಲೆ ಗುರ್ ಅಂದಳಾ? ನನ್ನನ್ನ ಹುಡುಕ್ತಾ ಇರ್ತಾಳಾ? ಅವನು...? ಥೂ, ಅವನ ವಿಷಯ ಯಾಕೆ!

"ಒಂದು ನಿಮಿಷ ಮಾತಾಡ್ಬೇಕಿತ್ತು," ಎಂದು ಅವನು ಎರಡು ಸಲ ಬಂದ.

"ಕೆಲಸ ಇದೆ," ಎಂದು ಎರಡು ಸಲವೂ ಮಚ್ಚು ಎತ್ತಿದಳು.

ತರಬೇತಿಯ ಕೊನೆಯ ದಿನ ಬೆಳಗ್ಗೆ ಅವಳಿಗೆ ತಡೆಯಲಾಗಲಿಲ್ಲ. ಬಾಗಿಲ ಸಂದಿಗೆ ಕಣ್ಣಿಟ್ಟಳು. ಜಾಲರಿಯ ಬಳಿ ಹಿರಿಯ ಪಾಲಕ ದೊಡ್ಡಣ್ಣ, ಕೆಳಗೆ ಕುಕ್ಕರಗಾಲಿನಲ್ಲಿ ಡಾಕ್ಟರು. ಅಜ್ಜಿ ಒಂದು ಸುತ್ತು ಹಾಕಿದಳು. ಇನ್ನೊಂದು ಸುತ್ತು.

ಮಲಗು ಅಜ್ಜಿ... ನಿನ್ನ ದಮ್ಮಯ್ಯ, ಮಲಗು!

ಅಜ್ಜಿ ಮಲಗಿದಳು. ಬಾಲ ಹೊರಬಂತು. ಸೂಜಿ ಚುಚ್ಚಿದರೂ ಮಿಸುಕಲಿಲ್ಲ. ಸೀಸೆಗೆ ರಕ್ತ ಇಳಿಯಿತು. "ಸಾಕು, ಇದನ್ನ ಪರೀಕ್ಷೆ ಮಾಡಿ ಮದ್ದು ಶುರು ಮಾಡ್ಬಹುದು," ಎಂದರು ಡಾಕ್ಟರು.

ನಾನಿಲ್ಲದೆಯೂ ಆಯ್ತಲ್ಲ! ಅವಳಿಗೆ ಸಂತೋಷವೂ ಆಯಿತು, ಸಂಕಟವೂ ಆಯಿತು. ಕಣ್ಣಲ್ಲಿ ನೀರು ಒತ್ತರಿಸಿ ಬಂತು.

ಹೊರಬಂದ ದೊಡ್ಡಣ್ಣ ಅವಳನ್ನು ಕಂಡು ನಿಂತ. "ಯಾಕಮ್ಮ ಅಳ್ತೀಯ?"

"ನನ್ನನ್ನ ದೂರ ಇಡಿ ಅಂತ ಬರೆದ್ರಲ್ಲ ಅಣ್ಣ, ನಿಮ್ಮ ಮೇಷ್ಟ್ರು..."

"ಹಾಳೆ ತಿರುಗಿಸಿ ಓದಿದ್ಯಾ?"

ಗಿರಗಿಟ್ಲೆಗೆ ಅಷ್ಟು ತಾಳ್ಮೆ ಎಲ್ಲಿತ್ತು! ದೊಡ್ಡಣ್ಣ ಫೈಲಿನಿಂದ ಹಾಳೆ ತೆಗೆದುಕೊಟ್ಟ. ಹಾಳೆಯ ಹಿಂಬದಿಯಲ್ಲಿ ಹೀಗಿತ್ತು: 'ಏಕೆಂದರೆ ಚಿರತೆ ಈಗ ಇವರೊಬ್ಬರನ್ನೇ ನಂಬುತ್ತದೆ. ಇವರಿಗೆ ಜ್ವರ ಬಂದ ದಿನ ಅದರ ಗತಿಯೇನು? ಬೇರೆ ಕೈಗೂ ಒಗ್ಗಬೇಕು. ಇಷ್ಟು ನಂಬಿಕೆ ಗಳಿಸಿದ ಪಾಲಕಿಯನ್ನು ನಾನು ಇನ್ನೆಲ್ಲೂ ನೋಡಿಲ್ಲ.'

ಅವಳು ಓಡಿದಳು. ಹಿಂಬಾಗಿಲಲ್ಲಿ ಅವನು ಹೆಗಲಿಗೆ ಬ್ಯಾಗು ಹಾಕಿಕೊಂಡು ಗಾಡಿಗೆ ಕಾಯುತ್ತಿದ್ದ.

"ಮೇಷ್ಟ್ರೇ! ಯಾಕೆ ಹೇಳಲಿಲ್ಲ ನೀವು?"

"ಎರಡು ಸಲ ಬಂದೆ. ಮೊದಲ ಸಲ ನಿಮ್ಮ ಕೈಲಿ ಮಚ್ಚಿತ್ತು. ಎರಡನೇ ಸಲಾನೂ ಮಚ್ಚೇ ಇತ್ತು!"

ಅಳುತ್ತಲೇ ನಕ್ಕಳು. ಆಮೇಲೆ ಗಂಭೀರಳಾಗಿ ಕೇಳಿದಳು.

"ಅವತ್ತು ನನಗೆ ಅಂತ ಒಂದು ಸೀಟಿ ಹೊಡೆದ್ರಿ. ಹೊಡೆದ ಮೇಲೆ ಕೊಡಲೇಬೇಕು ಅಂದವರೂ ನೀವೇ. ಕೊಡದೇ ಹೊರಟ್ರೆ... ನಾಳೆ ನಾನು ನಂಬೋದು ಹೇಗೆ?"

ಅವನು ಬ್ಯಾಗನ್ನು ಕೆಳಗಿಟ್ಟ.

"ಏನು ಕೊಡಲಿ ಅಂತ ಅವತ್ತಿಂದ ಒದ್ದಾಡ್ತಿದ್ದೀನಿ. ನನ್ನ ಹತ್ರ ಇರೋದು ಒಂದೇ ಮಾತು. ನಿಮ್ಮನ್ನ ಬಿಟ್ಟು ಹೋಗೋಕೆ ಮನಸ್ಸಿಲ್ಲ. ಪ್ರೀತಿಸ್ತೀನಿ ನಿಮ್ಮನ್ನ..."

"ಮೊದಲ ದಿನ ಊದಿದ್ದು ನಿಜವಾಗ್ಲೂ ಗಾಬರಿಗಾ?"

"ಗಾಬರಿಗೇ. ನಿಮ್ಮನ್ನ ನೋಡಿದ ಗಾಬರಿ!"

ಗಿರಗಿಟ್ಲೆಯ ಕಾಲು ಅಲುಗಲಿಲ್ಲ. ಎಷ್ಟು ಹೊತ್ತು ನಿಂತಳೋ, ಈ ಸಲ ಎಣಿಸಲೂ ಇಲ್ಲ. ಮೆಲ್ಲಗೆ ಕೈಚಾಚಿ ಅವನ ಕುತ್ತಿಗೆಯ ಸೀಟಿ ಹಿಡಿದು ಊದಿದಳು.

ಪೀಪ್!

ಒಳಗಿಂದ ಅಜ್ಜಿ ಗುರ್ ಎಂದಳು. "ಯಾರಪ್ಪಾ ಊದಿದ್ದು? ಇಲ್ಲಿ ಇವಳು ತುಂಡು ಕೇಳ್ತಿದ್ದಾಳೆ!" ಎಂದು ಬೋನಿನ ಬಳಿಗೆ ಮರಳಿದ್ದ ದೊಡ್ಡಣ್ಣ ಕೂಗಿದ.

"ಇದು ಯಾರಿಗೆ?" ಎಂದು ಕೇಳಿದ ಅವನು.

"ನಿಮಗೆ. ಸರಿಯಾಗಿ ಹೇಳಿದ್ದಕ್ಕೆ."

"ಹಾಗಾದ್ರೆ ನನಗೇನು ಸಿಗುತ್ತೆ?"

"ಭಾನುವಾರ ಮನೆಗೆ ಬನ್ನಿ. ಅಮ್ಮನ ಹತ್ರ ನನ್ನನ್ನ ಕೇಳಿ."

"ಕೇಳಿದ್ರೆ... ಕೊಡ್ತಾರಾ?"

ಅವಳು ಕಣ್ಣೊರೆಸಿಕೊಂಡು ನಕ್ಕಳು.

"ಸೀಟಿ ಹೊಡೆದಾಯ್ತಲ್ಲ ಮೇಷ್ಟ್ರೇ... ಕೊಡಲೇಬೇಕು!"